ದುಬೈಗೆ ನಾಲ್ವರೂ ಒಟ್ಟಿಗೇ ಹೊರಡಬೇಕಾ? ಮೊದಲು ಈ ಲೆಕ್ಕ ನೋಡಿ

ಪ್ರಶ್ನೆ: ನಾವು ಉಡುಪಿ ಕಡೆಯವರು. ನನ್ನ ಗಂಡ ಬಿ.ಕಾಂ. ಮುಗಿಸಿ ಇಲ್ಲೇ ಅಕೌಂಟೆಂಟ್ ಆಗಿದ್ದಾರೆ, ಸಂಬಳ 38,000 ರೂಪಾಯಿ. ನಾನು ಖಾಸಗಿ ಶಾಲೆಯಲ್ಲಿ ಟೀಚರ್, ಬಿ.ಇಡಿ. ಆಗಿದೆ, 22,000 ಬರುತ್ತದೆ. ಈಗ ಅವರಿಗೆ ದುಬೈಯ ಒಂದು ಕಂಪನಿಯಿಂದ ತಿಂಗಳಿಗೆ 11,000 ದಿರ್ಹಮ್ ಸಂಬಳದ ಆಫರ್ ಬಂದಿದೆ. ಅದರಲ್ಲಿ ಬೇಸಿಕ್ 5,000, ಉಳಿದದ್ದು ಮನೆ ಬಾಡಿಗೆ ಮತ್ತು ಓಡಾಟದ ಭತ್ಯೆ. ಅಕ್ಟೋಬರ್ ಮೊದಲ ವಾರ ಸೇರಬೇಕು. ಮಗಳು ನಾಲ್ಕನೇ ಕ್ಲಾಸ್, ಮಗ ಯುಕೆಜಿ. ಮನೆ ಸಾಲದ ಕಂತು 18,000 ಇದೆ. ಅತ್ತೆ ಊರಲ್ಲೇ ಇರುತ್ತಾರೆ. ಉಳಿತಾಯ 6 ಲಕ್ಷ, ಸ್ವಲ್ಪ ಚಿನ್ನ ಇದೆ. ಏಜೆಂಟ್ ಒಂದು ಲಕ್ಷ ಕೇಳುತ್ತಿದ್ದಾರೆ. ನಾಲ್ವರೂ ಒಟ್ಟಿಗೇ ಹೋಗಬಹುದಾ? ಎಷ್ಟು ದುಡ್ಡು ಕೈಯಲ್ಲಿರಬೇಕು?

ಉತ್ತರ: ಒಟ್ಟಿಗೇ ಹೋಗಬೇಡಿ. ನಿಮ್ಮವರು ಮೊದಲು ಹೋಗಲಿ, ನೀವು ಮಕ್ಕಳ ಜೊತೆ ಏಪ್ರಿಲ್‌ಗೆ ಹೋಗುವ ಹಾಗೆ ಯೋಜನೆ ಹಾಕಿ. ಅದೂ ಕೆಳಗೆ ಹೇಳುವ ಒಂದೆರಡು ವಿಷಯ ಕೂಡಿ ಬಂದರೆ ಮಾತ್ರ. ನೀವು ಎಲ್ಲ ಅಂಕಿಗಳನ್ನೂ ಬಿಚ್ಚಿಟ್ಟು ಕೇಳಿದ್ದು ತುಂಬಾ ಒಳ್ಳೆಯದಾಯಿತು, ಇಲ್ಲದಿದ್ದರೆ ಇಷ್ಟು ನೇರವಾಗಿ ಹೇಳಲು ಆಗುತ್ತಿರಲಿಲ್ಲ.

ನಮ್ಮ ಕರಾವಳಿಯಲ್ಲಿ ಗಲ್ಫ್ ಸಂಬಳ ಅಂದ ಕೂಡಲೇ ಎಲ್ಲರೂ ಮಾಡುವುದು ಒಂದೇ ಲೆಕ್ಕ. ದಿರ್ಹಮ್‌ಗೆ 24 ರೂಪಾಯಿ ಅಂತ ಹಿಡಿದು ಗುಣಿಸುತ್ತಾರೆ. 11,000 ಅಂದರೆ 2 ಲಕ್ಷ 64 ಸಾವಿರ. ಈಗ ಮನೆಗೆ ಬರುತ್ತಿರುವುದು 60,000. ಅಬ್ಬಾ, ನಾಲ್ಕು ಪಟ್ಟಿಗಿಂತ ಜಾಸ್ತಿ ಅಂತ ಖುಷಿಯಾಗುತ್ತದೆ. ಆದರೆ ಖರ್ಚೂ ದಿರ್ಹಮ್‌ನಲ್ಲೇ ಇರುತ್ತದೆ ಅಲ್ವಾ? ಅದಕ್ಕಿಂತ ಮುಖ್ಯ, ಮೊದಲ ಮೂರು ನಾಲ್ಕು ತಿಂಗಳಲ್ಲಿ ಖರ್ಚು ಸಂಬಳಕ್ಕಿಂತ ಮುಂದೆ ಓಡುತ್ತದೆ. ಕುಟುಂಬಗಳು ಸಿಕ್ಕಿಬೀಳುವುದು ಅಲ್ಲೇ. ಸಂಬಳ ಕಮ್ಮಿಯಾಗಿ ಅಲ್ಲ, ಶುರುವಿನಲ್ಲಿ ಕೈಯಲ್ಲಿ ದುಡ್ಡಿಲ್ಲದೆ.

ಮನೆಯಿಂದಲೇ ಶುರು ಮಾಡೋಣ. ದುಬೈಯಲ್ಲಿ ಬಾಡಿಗೆ ಹೇಳುವುದು ವರ್ಷದ ಲೆಕ್ಕದಲ್ಲಿ. ಕಟ್ಟುವುದು ಮುಂದಿನ ದಿನಾಂಕ ಹಾಕಿದ ಚೆಕ್‌ಗಳಲ್ಲಿ. ಮಾಲೀಕರು ಒಂದು, ಎರಡು, ನಾಲ್ಕು, ಆರು ಚೆಕ್ ಅಂತ ಕೇಳುತ್ತಾರೆ. ತಿಂಗಳಿಗೊಂದರಂತೆ ಹನ್ನೆರಡು ಚೆಕ್ ಒಪ್ಪುವವರು ಕಮ್ಮಿ. ಚೆಕ್ ಕಮ್ಮಿ ಆದಷ್ಟೂ ಬಾಡಿಗೆ ಸ್ವಲ್ಪ ಇಳಿಯುತ್ತದೆ. ಅಲ್ ನಹ್ದಾ, ಅಲ್ ಕುಸೈಸ್ ಕಡೆ ಒಂದು ಬೆಡ್‌ರೂಮಿನ ಮನೆಗೆ ವರ್ಷಕ್ಕೆ 60,000 ದಿರ್ಹಮ್ ಅಂತ ಇಟ್ಟುಕೊಳ್ಳಿ, ನಾಲ್ಕು ಚೆಕ್.

ಈಗ ರಿಯಲ್ ಎಸ್ಟೇಟ್ ಆಫೀಸಿನ ಮೇಜಿನ ಎದುರು ಕೂತಿದ್ದೀರಿ ಅಂದುಕೊಳ್ಳಿ. ಮೊದಲ ಚೆಕ್ 15,000, ಅದು ಅವತ್ತೇ ಪಾಸಾಗುತ್ತದೆ. ಸೆಕ್ಯುರಿಟಿ ಡಿಪಾಸಿಟ್ ವರ್ಷದ ಬಾಡಿಗೆಯ 5 ಪರ್ಸೆಂಟ್, 3,000. ಪೀಠೋಪಕರಣ ಇರುವ ಮನೆಯಾದರೆ ಅದು 10 ಪರ್ಸೆಂಟ್. ಬ್ರೋಕರ್ ಕಮಿಷನ್ ಸಾಮಾನ್ಯವಾಗಿ ಇನ್ನೊಂದು 5 ಪರ್ಸೆಂಟ್, ಅದರ ಮೇಲೆ ವ್ಯಾಟ್, ಒಟ್ಟು 3,150. ಬಾಡಿಗೆ ಕರಾರನ್ನು ಸರ್ಕಾರದ ಎಜಾರಿ ವ್ಯವಸ್ಥೆಯಲ್ಲಿ ನೋಂದಾಯಿಸಲು ಇನ್ನೂರು ಚಿಲ್ಲರೆ. ಕರೆಂಟು, ನೀರಿನ ಸಂಸ್ಥೆ ದೇವಾಕ್ಕೆ ಫ್ಲ್ಯಾಟ್ ಆದರೆ 2,000 ಡಿಪಾಸಿಟ್, ಜೊತೆಗೆ ಕನೆಕ್ಷನ್ ಶುಲ್ಕ. ಕೂಡಿಸಿ ನೋಡಿ, 23,500 ದಿರ್ಹಮ್. ಅಂದರೆ 5 ಲಕ್ಷ 64 ಸಾವಿರ ರೂಪಾಯಿ. ನಿಮ್ಮ ಆರು ಲಕ್ಷದ ಉಳಿತಾಯ ಮನೆಯ ಕೀಲಿ ಕೈಗೆ ಬರುವಷ್ಟರಲ್ಲಿ ಮುಗಿಯಿತು. ಒಳಗೆ ಇನ್ನೂ ಒಂದು ಹಾಸಿಗೆಯೂ ಇಲ್ಲ, ಗ್ಯಾಸ್ ಒಲೆಯೂ ಇಲ್ಲ.

ಮೂರು ತಿಂಗಳಿಗೆ ಮತ್ತೆ 15,000ದ ಚೆಕ್ ಬ್ಯಾಂಕಿಗೆ ಹೋಗುತ್ತದೆ. ತಿಂಗಳ ಸಂಬಳವೇ 11,000. ಹಾಗಾಗಿ ಮೊದಲ ತಿಂಗಳಿಂದಲೇ 5,000 ಮುಟ್ಟದೆ ಬದಿಗಿಡಬೇಕು. ಆ ಚೆಕ್ ಬೌನ್ಸ್ ಆಗಲೇಬಾರದು. 2022ರ ಕಾನೂನು ತಿದ್ದುಪಡಿ ಆದಮೇಲೆ ಖಾತೆಯಲ್ಲಿ ದುಡ್ಡಿಲ್ಲದೆ ಚೆಕ್ ವಾಪಸಾದರೆ ಹಿಂದಿನ ಹಾಗೆ ನೇರ ಕ್ರಿಮಿನಲ್ ಕೇಸ್ ಆಗುವುದಿಲ್ಲ ನಿಜ. ಆದರೆ ಆ ಚೆಕ್ ಹಿಡಿದುಕೊಂಡೇ ವಸೂಲಿಗೆ ಕೋರ್ಟಿಗೆ ಹೋಗಲು ಮಾಲೀಕರಿಗೆ ದಾರಿ ಇದೆ.

ಇನ್ನೊಂದು ವಿಷಯ. ಈ ಕೆಲಸಗಳಿಗೆ ಒಂದು ಸರದಿ ಇದೆ, ಅದನ್ನು ಹಿಂದೆ ಮುಂದೆ ಮಾಡಲು ಆಗುವುದಿಲ್ಲ. ಮೊದಲು ಕೆಲಸದ ವೀಸಾ, ಮೆಡಿಕಲ್, ಎಮಿರೇಟ್ಸ್ ಐಡಿ. ಐಡಿ ಬಂದಮೇಲೆ ಬ್ಯಾಂಕ್ ಖಾತೆ, ಆಮೇಲೆ ಚೆಕ್ ಬುಕ್. ಚೆಕ್ ಬುಕ್ ಇದ್ದರೆ ಮನೆ. ಮನೆಯ ಎಜಾರಿ ಇದ್ದರೆ ಕುಟುಂಬದ ವೀಸಾ. ನೀವು ನಾಲ್ವರೂ ಅಕ್ಟೋಬರ್‌ನಲ್ಲೇ ಇಳಿದರೆ ಇದೆಲ್ಲ ಮುಗಿಯುವ ತನಕ ಹೋಟೆಲ್ ಅಪಾರ್ಟ್‌ಮೆಂಟಿನಲ್ಲಿ ಇರಬೇಕು, ಮಕ್ಕಳಿಗೆ ಶಾಲೆಯೂ ಇರುವುದಿಲ್ಲ. ಅಲ್ಲಿನ ಭಾರತೀಯ ಪಠ್ಯಕ್ರಮದ ಶಾಲೆಗಳ ವರ್ಷವೂ ನಮ್ಮ ಹಾಗೆ ಏಪ್ರಿಲ್‌ನಲ್ಲೇ ಶುರು. ಮಧ್ಯದಲ್ಲಿ ಹೋದರೆ ಕಮ್ಮಿ ಫೀಸಿನ ಶಾಲೆಗಳಲ್ಲಿ ಸೀಟು ಸಿಗುವುದು ಕಷ್ಟ, ಉಳಿಯುವುದು ದುಬಾರಿ ಶಾಲೆಗಳೇ.

ಸರಿ, ಎಲ್ಲ ಸೆಟ್ಲ್ ಆಯಿತು ಅಂತಲೇ ಇಟ್ಟುಕೊಳ್ಳೋಣ. ಆಗ ತಿಂಗಳ ಖರ್ಚು ಎಷ್ಟು? ಬಾಡಿಗೆಗೆ 5,000. ಕರೆಂಟು ನೀರಿಗೆ 700. ಇದರಲ್ಲೊಂದು ಗಮನಿಸಬೇಕಾದ ವಿಷಯ ಇದೆ. ವರ್ಷದ ಬಾಡಿಗೆಯ 5 ಪರ್ಸೆಂಟ್ ಹೌಸಿಂಗ್ ಫೀ ಅಂತ ದೇವಾ ಬಿಲ್ಲಿನಲ್ಲೇ ಹಂಚಿ ಬರುತ್ತದೆ, ನಿಮ್ಮ ಲೆಕ್ಕದಲ್ಲಿ ತಿಂಗಳಿಗೆ 250, ಮೇಲಿನ 700ರಲ್ಲಿ ಅದೂ ಸೇರಿದೆ. ಬ್ರೋಕರ್ ಇದನ್ನು ಹೇಳುವುದೇ ಇಲ್ಲ. ಎಸಿಯ ತಂಪಿಗೆ ಬೇರೆ ಬಿಲ್ ಬರುತ್ತದಾ ಅಂತಲೂ ಕೇಳಿ. ‘ಚಿಲ್ಲರ್ ಫ್ರೀ’ ಅಂದರೆ ಮಾಲೀಕರದ್ದು. ಇಲ್ಲದಿದ್ದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಬಿಲ್ ನೋಡಿ ಎದೆ ಧಸಕ್ಕೆನ್ನುತ್ತದೆ. ಇಂಟರ್ನೆಟ್, ಎರಡು ಮೊಬೈಲ್ 550. ಇಬ್ಬರು ಮಕ್ಕಳ ಫೀಸು ಮತ್ತು ಸ್ಕೂಲ್ ಬಸ್ಸು ವರ್ಷಕ್ಕೆ 27,000 ಅಂದರೆ ತಿಂಗಳಿಗೆ 2,250. ದಿನಸಿ, ಹಾಲು, ತರಕಾರಿ, ಮೀನು 1,600. ಮೆಟ್ರೋದ ಎಲ್ಲ ವಲಯಗಳ ಮಾಸಿಕ ಪಾಸು 350. ಔಷಧ, ಬಟ್ಟೆ, ಚಿಲ್ಲರೆ ಖರ್ಚು 500. ಊರಿಗೆ ಕಂತು 18,000 ರೂಪಾಯಿ, ಅಂದರೆ 750 ದಿರ್ಹಮ್. ಅತ್ತೆಯವರ ಖರ್ಚಿಗೆ 15,000, ಅಂದರೆ 625.

ಒಟ್ಟು 12,325. ಸಂಬಳ 11,000. ಊರಿಗೆ ಬರುವ ವಿಮಾನದ ಟಿಕೆಟ್ಟು ಇದರಲ್ಲಿ ಸೇರಿಲ್ಲ. ಅದೂ ಶಾಲೆಗೆ ರಜೆ ಇರುವ ಜುಲೈ, ಆಗಸ್ಟ್‌ನಲ್ಲೇ ಎಲ್ಲರೂ ಹೊರಡುವುದು, ದರ ನೆತ್ತಿಗೇರುವುದೂ ಆಗಲೇ.

ಶಾರ್ಜಾದಲ್ಲಿ ಮನೆ ಮಾಡಿದರೆ? ನಮ್ಮವರು ತುಂಬಾ ಜನ ಅದನ್ನೇ ಮಾಡುತ್ತಾರೆ. ಬಾಡಿಗೆ 40,000ಕ್ಕೆ ಸಿಕ್ಕಿತು, ದುಬೈಯ ಹೌಸಿಂಗ್ ಫೀಯೂ ಇಲ್ಲ ಅಂತ ಹಿಡಿಯಿರಿ. ಶಾರ್ಜಾಕ್ಕೆ ಮೆಟ್ರೋ ಇಲ್ಲ. ಬಸ್ಸಲ್ಲಿ ದುಬೈಗೆ ಬಂದು ಮೆಟ್ರೋ ಹಿಡಿದರೆ ಓಡಾಟಕ್ಕೆ 800 ಆಗುತ್ತದೆ. ಆಗ ತಿಂಗಳ ಖರ್ಚು ಸುಮಾರು 10,860ಕ್ಕೆ ಬರುತ್ತದೆ, ಉಳಿಯುವುದು 140 ದಿರ್ಹಮ್. ಅದಕ್ಕೆ ಬದಲಾಗಿ ನಿಮ್ಮವರು ಬೆಳಿಗ್ಗೆ ಸಂಜೆ ಅಲ್ ಇತ್ತಿಹಾದ್ ರಸ್ತೆಯ ಟ್ರಾಫಿಕ್ಕಿನಲ್ಲಿ ಕೂರಬೇಕು. ಒಬ್ಬರ ಸಂಬಳದಲ್ಲಿ ನಾಲ್ವರು ಅಲ್ಲಿರಬಹುದು, ಆದರೆ ಏನೂ ಉಳಿಯುವುದಿಲ್ಲ. ಕಾರು ತಗೊಂಡರೆ ಆಯ್ತು ಅಂತ ಯಾರಾದರೂ ಹೇಳಿದರೆ ಮೊದಲ ವರ್ಷ ಕಿವಿಗೊಡಬೇಡಿ. ನಮ್ಮ ಡ್ರೈವಿಂಗ್ ಲೈಸೆನ್ಸನ್ನು ಅಲ್ಲಿ ಸುಮ್ನೆ ಬದಲಾಯಿಸಿ ಕೊಡುವುದಿಲ್ಲ. ಡ್ರೈವಿಂಗ್ ಶಾಲೆಗೆ ಸೇರಿ, ಟೆಸ್ಟ್ ಪಾಸಾಗಿ ಲೈಸೆನ್ಸ್ ಪಡೆಯುವುದಕ್ಕೇ ಸಾವಿರಗಟ್ಟಲೆ ದಿರ್ಹಮ್ ಬೇಕು.

ಇದರಲ್ಲಿ ನೀವು ಲೆಕ್ಕಕ್ಕೇ ತಗೊಳ್ಳದ ಒಂದು ಅಂಕಿ ಇದೆ, ನಿಮ್ಮದೇ ಸಂಬಳ. ನೀವು ಕೆಲಸ ಬಿಟ್ಟು ಹೋದರೆ ತಿಂಗಳಿಗೆ 22,000 ನಿಲ್ಲುತ್ತದೆ. ಅದೂ ವಲಸೆಯ ಖರ್ಚೇ. ಮನೆಯಲ್ಲಿ ಯಾರೂ ಇದನ್ನು ಎತ್ತಿರಲಿಕ್ಕಿಲ್ಲ, ನೀವಾಗಿಯೇ ಎತ್ತಿ.

ಈಗ ನಿಮ್ಮವರು ಒಬ್ಬರೇ ಹೋದರೆ ಹೇಗೆ ನೋಡೋಣ. ಕರಾಮಾ, ಬರ್ ದುಬೈ ಕಡೆ ರೂಮ್ ಶೇರಿಂಗಿಗೆ 1,300, ಊಟಕ್ಕೆ 800, ಮೆಟ್ರೋ ಪಾಸು 350, ಫೋನು ಮತ್ತು ಕೈಖರ್ಚು 550. ಒಟ್ಟು 3,000. ರೂಮು ನೋಡುವಾಗ ಅನುಮತಿ ಇಲ್ಲದೆ ಪ್ಲೈವುಡ್ ಹಾಕಿ ಪಾರ್ಟಿಷನ್ ಮಾಡಿದ ಜಾಗ ಬೇಡ. ದುಬೈ ಅಧಿಕಾರಿಗಳು 2025ರಲ್ಲಿ ಅಂಥವುಗಳ ಮೇಲೆ ಬಿಗಿ ಕ್ರಮ ಶುರು ಮಾಡಿದ್ದಾರೆ, ರಾತ್ರೋರಾತ್ರಿ ಖಾಲಿ ಮಾಡಬೇಕಾದೀತು. ಊರಿಗೆ ಕಂತು ಮತ್ತು 15,000 ಕಳಿಸಿದರೂ ತಿಂಗಳಿಗೆ 6,600 ಉಳಿಯುತ್ತದೆ. ಐದು ಪೂರ್ತಿ ಸಂಬಳ ಬಂದರೆ 33,000 ದಿರ್ಹಮ್, ಸುಮಾರು 7 ಲಕ್ಷ 90 ಸಾವಿರ ರೂಪಾಯಿ. ಊರಿನ ಮನೆಯ ಉಳಿದ ಖರ್ಚಿಗೆ ನಿಮ್ಮ ಸಂಬಳ ಇದ್ದೇ ಇದೆ.

ನೀವು ಏಪ್ರಿಲ್‌ನಲ್ಲಿ ಹೋಗುವಾಗ ಬೇಕಾಗುವುದು: ಮನೆಗೆ 23,500, ಮೂವರ ವೀಸಾ ಮತ್ತು ಆರೋಗ್ಯ ವಿಮೆಗೆ 8,000, ಶಾಲೆಯ ಮೊದಲ ಟರ್ಮ್ ಫೀಸು, ಪುಸ್ತಕ, ಯೂನಿಫಾರ್ಮಿಗೆ 8,000, ಹಾಸಿಗೆ, ಫ್ರಿಜ್ಜು, ವಾಷಿಂಗ್ ಮಷಿನ್‌ಗೆ 6,000, ಟಿಕೆಟ್ಟಿಗೆ 2,000. ಹತ್ತಿರ ಹತ್ತಿರ 47,500 ದಿರ್ಹಮ್. ಅಂದರೆ ಹನ್ನೊಂದೂವರೆ ಲಕ್ಷ ರೂಪಾಯಿ. ಈಗಲೇ ಹೊರಟರೆ ನಿಮ್ಮ ಹತ್ತಿರ ಅದರ ಅರ್ಧ ಮಾತ್ರ ಇದೆ, ಉಳಿದದ್ದು ಸಾಲ. ಏಪ್ರಿಲ್ ತನಕ ಕಾದರೆ ಸಾಲವಿಲ್ಲದೆ ಆಗುತ್ತದೆ. ಹಾಗೆ ನೋಡಿದರೂ ಕೈಯಲ್ಲಿ ಉಳಿಯುವುದು ನಾಲ್ಕೈದು ಸಾವಿರ ದಿರ್ಹಮ್ ಮಾತ್ರ, ಏಕೆಂದರೆ ನಿಮ್ಮವರು ಹೊರಡುವಾಗ ಪತ್ರಗಳ ದೃಢೀಕರಣ, ಟಿಕೆಟ್ಟು, ಮೊದಲ ಸಂಬಳದ ತನಕದ ಖರ್ಚು ಅಂತ ಒಂದೂವರೆ ಲಕ್ಷ ಹೋಗುತ್ತದೆ. ವಿಮೆಯ ಕಂತು ನಿಮ್ಮ ವಯಸ್ಸಿನ ಹೆಂಗಸರಿಗೆ ಹೆರಿಗೆ ಖರ್ಚಿನ ಕಾರಣಕ್ಕೆ ಜಾಸ್ತಿ ಇರುತ್ತದೆ. ದುಬೈಯಲ್ಲಿ ನೌಕರನ ವಿಮೆ ಕಂಪನಿ ಮಾಡಿಸಲೇಬೇಕು. ಹೆಂಡತಿ ಮಕ್ಕಳದ್ದು ವೀಸಾ ಪ್ರಾಯೋಜಿಸುವವರ ಜವಾಬ್ದಾರಿ, ಕಂಪನಿ ಒಪ್ಪಿದರೆ ಮಾತ್ರ ಅವರ ಖರ್ಚು.

ಆರು ತಿಂಗಳು ಬೇರೆ ಇರುವುದು ಸುಲಭ ಅಂತ ನಾನು ಹೇಳುತ್ತಿಲ್ಲ. ಯುಕೆಜಿಯ ಮಗುವಿಗೆ ಅಪ್ಪ ಫೋನಿನಲ್ಲಿ ಮಾತ್ರ ಸಿಗುವುದು ಸಣ್ಣ ವಿಷಯ ಅಲ್ಲ. ಅದಕ್ಕೇ ಕಾಯುವುದಕ್ಕೊಂದು ಗಡುವು ಬೇಕು ಅನ್ನುತ್ತೇನೆ. ‘ಸ್ವಲ್ಪ ಸೇವ್ ಆಗಲಿ, ಆಮೇಲೆ ನೋಡೋಣ’ ಅಂತ ಹೊರಟವರ ಸಂಸಾರ ಇಲ್ಲಿ ಅರ್ಧ, ಅಲ್ಲಿ ಅರ್ಧ ಆಗಿ ಹತ್ತು ಹದಿನೈದು ವರ್ಷ ಕಳೆದದ್ದು ನಮ್ಮ ಊರುಗಳಲ್ಲಿ ಬೇಕಾದಷ್ಟಿದೆ. ಏಪ್ರಿಲ್ ಅಂತ ನಾನು ಹೇಳಲು ಕಾರಣ ಶಾಲೆಯೊಂದೇ ಅಲ್ಲ. ಯುಎಇ ಕಾರ್ಮಿಕ ಕಾನೂನಿನಲ್ಲಿ ಪ್ರೊಬೇಷನ್ ಆರು ತಿಂಗಳು ಮೀರುವಂತಿಲ್ಲ. ಆ ಅವಧಿಯಲ್ಲಿ ಕಂಪನಿ 14 ದಿನದ ನೋಟಿಸ್ ಕೊಟ್ಟು ಕೆಲಸದಿಂದ ತೆಗೆಯಬಹುದು. ವರ್ಷದ ಬಾಡಿಗೆ ಕರಾರಿಗೆ ಸಹಿ ಹಾಕಿ, ಮಕ್ಕಳನ್ನು ಶಾಲೆಗೆ ಸೇರಿಸಿದ ಮೇಲೆ ಅಂಥ ನೋಟಿಸ್ ಬಂದರೆ ಏನು ಗತಿ? ಮಧ್ಯದಲ್ಲಿ ಮನೆ ಬಿಟ್ಟರೆ ಎರಡು ತಿಂಗಳ ಬಾಡಿಗೆ ದಂಡ ಅಂತ ಎಷ್ಟೋ ಕರಾರುಗಳಲ್ಲಿ ಬರೆದಿರುತ್ತಾರೆ. ಪ್ರೊಬೇಷನ್ ಮುಗಿಯಲಿ, ಮನೆ ಆಮೇಲೆ.

ಏಪ್ರಿಲ್‌ಗೆ ಹೋಗಲು ನನ್ನ ಷರತ್ತು ಇಷ್ಟೇ. ಅಷ್ಟರೊಳಗೆ ಮನೆಯ ಒಟ್ಟು ಆದಾಯ 14,000 ದಿರ್ಹಮ್ ಆಸುಪಾಸಿಗೆ ಬರುವ ದಾರಿ ಕಾಣಬೇಕು. ಆ ದಾರಿ ನೀವೇ ಆಗಬಹುದು. ಗಂಡನ ಪ್ರಾಯೋಜಕತ್ವದ ವೀಸಾದಲ್ಲಿರುವವರೂ ವರ್ಕ್ ಪರ್ಮಿಟ್ ಪಡೆದು ಕೆಲಸ ಮಾಡಬಹುದು. ಭಾರತೀಯ ಶಾಲೆಗಳಿಗೆ ಬಿ.ಇಡಿ. ಆದ ಟೀಚರ್‌ಗಳು ಬೇಕೇ ಬೇಕು. ನಿಮ್ಮ ಪದವಿ, ಬಿ.ಇಡಿ. ಪತ್ರಗಳನ್ನು ಈಗಲೇ ದೃಢೀಕರಿಸಿಟ್ಟುಕೊಂಡು ಜನವರಿಯಿಂದಲೇ ಅಲ್ಲಿನ ಶಾಲೆಗಳಿಗೆ ಅರ್ಜಿ ಹಾಕಿ. ಮಕ್ಕಳ ಶಾಲೆ ಹುಡುಕುವಾಗ ಕೆಎಚ್‌ಡಿಎ ವೆಬ್‌ಸೈಟ್ ನೋಡಿ. ದುಬೈಯ ಖಾಸಗಿ ಶಾಲೆಗಳ ಮೇಲ್ವಿಚಾರಣೆ ಆ ಸಂಸ್ಥೆಯದ್ದು, ಪ್ರತಿ ಶಾಲೆಯ ತರಗತಿವಾರು ಫೀಸು ಅಲ್ಲಿದೆ. ಟಿ.ಸಿ.ಗೆ ಯಾವ ಯಾವ ಕಚೇರಿಯ ಸಹಿ ಬೇಕು ಅಂತ ಆ ಶಾಲೆಯನ್ನೇ ಕೇಳಿ ಇಲ್ಲಿಂದಲೇ ಮಾಡಿಸಿಕೊಂಡು ಹೋಗಿ. ಮಕ್ಕಳ ಕನ್ನಡಕ್ಕೆ ಚಿಂತೆ ಬೇಡ, ದುಬೈಯ ಕನ್ನಡ ಪಾಠಶಾಲೆಯಲ್ಲಿ ಉಚಿತವಾಗಿ ಕಲಿಸುತ್ತಾರೆ.

ಇನ್ನು ಏಜೆಂಟ್ ಕೇಳುತ್ತಿರುವ ಒಂದು ಲಕ್ಷ. ಕೊಡಬೇಡಿ. ಯುಎಇ ಕಾನೂನಿನ ಪ್ರಕಾರ ನೇಮಕಾತಿ ಖರ್ಚು ಕಂಪನಿಯದ್ದು, ನೌಕರನಿಂದ ವಸೂಲು ಮಾಡುವಂತಿಲ್ಲ. ನಮ್ಮ ದೇಶದ ನಿಯಮದಲ್ಲಿ ನೋಂದಾಯಿತ ಏಜೆಂಟ್ ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ತಗೊಳ್ಳಬಹುದು, ಅಂದರೆ 35,400. ಅದಕ್ಕೂ ರಸೀದಿ ಬೇಕು. ಅವರ ಲೈಸೆನ್ಸ್ ಇದೆಯಾ ಅಂತ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೀವೇ ನೋಡಬಹುದು. ‘ಈಗ ವಿಸಿಟ್ ವೀಸಾದಲ್ಲಿ ಹೋಗಿ ಸೇರಿಕೊಳ್ಳಿ, ಆಮೇಲೆ ಬದಲಾಯಿಸೋಣ’ ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಅಪರಾಧ.

ದೃಢೀಕರಣಕ್ಕೆ ಒಂದು ಪತ್ರಕ್ಕೆ ಹತ್ತು ಸಾವಿರದಂತೆ ತೆಗೆದಿಡಿ. ಪದವಿ ಪತ್ರಕ್ಕೆ ರಾಜ್ಯದ ಶಿಕ್ಷಣ ಇಲಾಖೆ, ಮದುವೆ ಮತ್ತು ಜನನ ಪತ್ರಗಳಿಗೆ ಗೃಹ ಇಲಾಖೆ, ಆಮೇಲೆ ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿ ಹೋದಮೇಲೆ ಅಲ್ಲಿನ ವಿದೇಶಾಂಗ ಸಚಿವಾಲಯ. ಕಳಿಸುವ ಮೊದಲು ಹೆಸರು ತಾಳೆ ನೋಡಿ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಬರೆದಿದ್ದು, ಮದುವೆ ಪತ್ರದಲ್ಲಿ ಬರೀ ಇನಿಶಿಯಲ್ ಇದ್ದರೆ ಎಲ್ಲ ಸಹಿ ಆದಮೇಲೂ ಕುಟುಂಬದ ವೀಸಾ ನಿಲ್ಲಬಹುದು. ಸರ್‌ನೇಮ್ ಕಾಲಂ ಖಾಲಿ ಇರುವ ಪಾಸ್‌ಪೋರ್ಟ್ ಇದ್ದರೆ ಅದನ್ನೂ ಈಗಲೇ ಸರಿಮಾಡಿಸಿ.

ಈಗ ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಹುಟ್ಟಿಸಿದ್ದು: ಅಕ್ಟೋಬರ್ ಮೊದಲ ವಾರ ಸೇರುವುದು. ಅಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ ಅಂತ ಎಲ್ಲರಿಗೂ ಗೊತ್ತು. ಇಲ್ಲಿ ತೆರಿಗೆ ಬೀಳುತ್ತದಾ ಅನ್ನುವುದು ಆ ಆರ್ಥಿಕ ವರ್ಷದಲ್ಲಿ ಭಾರತದಲ್ಲಿ ಎಷ್ಟು ದಿನ ಇದ್ದೀರಿ ಅನ್ನುವುದರ ಮೇಲೆ ನಿಂತಿದೆ. ಕೆಲಸಕ್ಕೆಂದು ಹೊರಡುವವರು ಆ ವರ್ಷ ಇಲ್ಲಿ 182 ದಿನಕ್ಕಿಂತ ಕಮ್ಮಿ ಇದ್ದರೆ ಅನಿವಾಸಿ. ಏಪ್ರಿಲ್ 1ರಿಂದ ಎಣಿಸಿದರೆ ಸೆಪ್ಟೆಂಬರ್ 28ಕ್ಕೆ 181 ದಿನ ಆಗುತ್ತದೆ. ಅಕ್ಟೋಬರ್‌ನಲ್ಲಿ ಹೊರಟರೆ ಆ ವರ್ಷಕ್ಕೆ ನಿಮ್ಮವರು ಇಲ್ಲಿನ ನಿವಾಸಿಯೇ. ಮಾರ್ಚ್ ತನಕ ಅಲ್ಲಿ ದುಡಿದ ಹತ್ತಿರ ಹತ್ತಿರ 16 ಲಕ್ಷವೂ ಇಲ್ಲಿನ ಆದಾಯಕ್ಕೆ ಸೇರಿ ಒಂದು ಲಕ್ಷಕ್ಕೂ ಜಾಸ್ತಿ ತೆರಿಗೆ ಬರಬಹುದು. ಸೆಪ್ಟೆಂಬರ್ 12ರ ಸುಮಾರಿಗೆ ಹೊರಟರೆ 165 ದಿನ ಆಗಿರುತ್ತದೆ. ನಡುವೆ ಊರಿಗೆ ಬಂದರೆ ಆ ದಿನಗಳೂ ಎಣಿಕೆಗೆ ಸೇರುತ್ತವೆ, ಹಾಗಾಗಿ ಈ ಹದಿನಾರು ದಿನದ ಅಂತರ ಬೇಕು. ಮೂರು ವಾರದ ವ್ಯತ್ಯಾಸಕ್ಕೆ ಲಕ್ಷ ರೂಪಾಯಿ. ವೀಸಾ ಕೈಗೆ ಬಂದ ಮೇಲೆ ಮಾತ್ರ ಹೊರಡಬೇಕು, ಅದನ್ನು ಬೇಗ ಮಾಡಿಸಲು ಇವತ್ತೇ ಬೆನ್ನು ಹತ್ತಿ.

ಅವರು ಹೋದಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳು ಇಲ್ಲಿನ ಆದಾಯ ಇಡುವ ಖಾತೆ ಮಾಡಿಸಬೇಕು, ಅಲ್ಲಿನ ಸಂಬಳ ಕಳಿಸಲು ಅನಿವಾಸಿಗಳ ಎನ್‌ಆರ್‌ಇ ಖಾತೆ ತೆರೆಯಬೇಕು. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ದುಡ್ಡು ಕಳಿಸುವಾಗ ಎಕ್ಸ್‌ಚೇಂಜ್‌ನವರ ಶುಲ್ಕ ಮಾತ್ರ ನೋಡದೆ ಕೈಗೆ ಬರುವ ರೂಪಾಯಿ ಎಷ್ಟು ಅಂತ ಹೋಲಿಸಿ.

ಪಿ.ಎಫ್. ದುಡ್ಡು ತೆಗೆದು ಈ ಖರ್ಚಿಗೆ ಹಾಕಬೇಡಿ. ಅಲ್ಲಿ ಪಿ.ಎಫ್. ಇಲ್ಲ, ಗ್ರಾಚ್ಯುಟಿ ಮಾತ್ರ. ಅದೂ ಬೇಸಿಕ್ ಮೇಲೆ. ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ 30 ದಿನದ್ದು. ಬೇಸಿಕ್ 5,000 ಅಂದರೆ ವರ್ಷಕ್ಕೆ 3,500 ದಿರ್ಹಮ್ ಅಷ್ಟೇ. ಅದೇ ಬೇಸಿಕ್ 7,000 ಮಾಡಿದರೆ, ಒಟ್ಟು ಸಂಬಳ ಅಷ್ಟೇ ಇದ್ದರೂ 4,900 ಆಗುತ್ತದೆ.

ಚಿನ್ನ ಮಾರಬೇಡಿ. ಸೊಸೈಟಿಯಲ್ಲಿ ಅಡವಿಟ್ಟು ಚಿಕ್ಕ ಮೊತ್ತ ತೆಗೆದರೆ ಪರವಾಗಿಲ್ಲ, ಅದೂ ಮೂರು ನಾಲ್ಕು ಸಂಬಳದಲ್ಲಿ ಬಿಡಿಸಿಕೊಳ್ಳುವಷ್ಟು. ಅಲ್ಲಿನ ಬ್ಯಾಂಕುಗಳ ವೈಯಕ್ತಿಕ ಸಾಲ ಮಾತ್ರ ಬೇಡವೇ ಬೇಡ. ಸಂಬಳದ 20 ಪಟ್ಟು ತನಕ ಸಾಲ ಕೊಡಲು ಅಲ್ಲಿನ ನಿಯಮ ಬಿಡುತ್ತದೆ. ನಿಮ್ಮವರಿಗೆ ಅದು 2,20,000 ದಿರ್ಹಮ್, 50 ಲಕ್ಷ ರೂಪಾಯಿಗಿಂತ ಜಾಸ್ತಿ. ಸಂಬಳ ಖಾತೆಗೆ ಬಂದ ಕೆಲವೇ ತಿಂಗಳಲ್ಲಿ ಫೋನು ಶುರುವಾಗುತ್ತದೆ. ಸಾಲ ತೀರಿಸಲು ನಾಲ್ಕು ವರ್ಷ ಬೇಕು, ಕೆಲಸ ಹೋದರೆ ವಾಪಸು ಬರುವುದೂ ಕಷ್ಟ.

ಈ ವಾರ ನಿಮ್ಮವರು ಕಂಪನಿಯ ಎಚ್‌ಆರ್‌ಗೆ ಒಂದು ಇಮೇಲ್ ಬರೆಯಲಿ. ಸೆಪ್ಟೆಂಬರ್ ಎರಡನೇ ವಾರ ಸೇರಲು ಆಗುತ್ತದಾ, ಒಟ್ಟು ಸಂಬಳ 12,500 ಮಾಡಬಹುದಾ, ಆಗದಿದ್ದರೆ ಬೇಸಿಕ್ ಆದರೂ ಏರಿಸುತ್ತಾರಾ, ಕುಟುಂಬದ ವಿಮೆ ಮತ್ತು ವರ್ಷಕ್ಕೊಮ್ಮೆ ಊರಿನ ಟಿಕೆಟ್ಟು ಯಾರ ಖರ್ಚು. ಸಂಬಳ ಸ್ವಲ್ಪವೂ ಏರದಿದ್ದರೂ ಒಂಟಿಯಾಗಿ ಹೋಗಲು ಇದು ಒಳ್ಳೆಯ ಆಫರ್, ಬಿಡಬೇಡಿ. ಆದರೆ ಒಪ್ಪಿಕೊಂಡದ್ದೆಲ್ಲ ಆಫರ್ ಲೆಟರ್‌ನಲ್ಲಿ ಮತ್ತು ಅಲ್ಲಿನ ಕಾರ್ಮಿಕ ಸಚಿವಾಲಯದಲ್ಲಿ ನೋಂದಾಯಿಸುವ ಕರಾರಿನಲ್ಲಿ ಒಂದೇ ರೀತಿ ಬರೆದಿರಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು, ಬೇಸಿಕ್ ಎಷ್ಟು ಅಂತ ನೀವೇ ಓದಿ ನೋಡಿದ ಮೇಲೆ ಸಹಿ ಹಾಕಲಿ.